ದುಬಾರಿ ವೀಣೆ ಕೊಂಡರೆ ನಾದ ಹೆಚ್ಚುತ್ತದೆಯೇ?

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಚಂದಾಪುರದ ಕಡೆ ಮನೆ, ವಾರಕ್ಕೆರಡು ಸಂಜೆ ವೀಣೆಯ ಪಾಠ. ಹೀಗೆ ಬದುಕು ಹೊಂದಿಸಿಕೊಂಡವರು ಈಗ ಬೆಂಗಳೂರಿನ ಹೊರಅಂಚಿನಲ್ಲಿ ಸಾಕಷ್ಟು ಮಂದಿ ಇದ್ದಾರೆ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಲ್ಲಿ ಮಕ್ಕಳ ಜೊತೆ ಅಮ್ಮಂದಿರೂ ಸರಳೆಯಿಂದ ಶುರುಮಾಡಿದ್ದಾರೆ. ಅಲಂಕಾರ, ಗೀತೆ, ವರ್ಣ ದಾಟಿ ಕೃತಿಗಳಿಗೆ ಬರುವ ಹೊತ್ತಿಗೆ ಇವರೆಲ್ಲರ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಕಲಿಯಲು ಕೊಂಡ ಈ ವೀಣೆ ಇನ್ನು ಸಾಕೇ, ಇಲ್ಲ ಒಂದೇ ದಿಮ್ಮಿಯಲ್ಲಿ ಕೊರೆದ, ಲಕ್ಷ ದಾಟಿದ ಏಕಾಂಡ ವೀಣೆಯನ್ನು ಮಾಡಿಸಬೇಕೇ? ಕೈಯಲ್ಲಿ ಬೋನಸ್ಸಿನ ಹಣವಿದೆ. ನುಡಿಸುವಾಗ ಏನೋ ಸಾಲದು ಎಂಬ ಕೊರಗೂ ಇದೆ. ಆ ಕೊರತೆ ವಾದ್ಯದ್ದೋ ಕೈಯದ್ದೋ ಎಂದು ತಿಳಿಯದೆ ಒದ್ದಾಡುವವರೇ ಹೆಚ್ಚು.

ನನಗೆ ಅನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟ ವೀಣೆಗೂ ಸರಿಯಾದ ವೀಣೆಗೂ ಇರುವ ಅಂತರ ಬಹಳ ದೊಡ್ಡದು. ಅದಕ್ಕಾಗಿ ಹಣ ಹಾಕಲೇಬೇಕು. ಸರಿಯಾದ ವೀಣೆಗೂ ದುಬಾರಿ ವೀಣೆಗೂ ಇರುವ ಅಂತರ ನಾವಂದುಕೊಂಡಷ್ಟಿಲ್ಲ. ವೀಣೆಯನ್ನು ಸರಿಯಾಗಿಸುವ ಕೆಲಸ ಯಾವುದೋ, ಅದಕ್ಕೆ ನಾವು ಕೊಡುವ ಹಣ ಅತಿ ಕಡಿಮೆ. ಕೆತ್ತನೆಗೆ ಕೊಡುತ್ತೇವೆ, ಮರದ ಹೆಸರಿಗೆ ಕೊಡುತ್ತೇವೆ, ಮೆಟ್ಟಿಲು ಕೂರಿಸುವವನ ಹತ್ತಿರ ಮಾತ್ರ ಚೌಕಾಸಿ ಮಾಡುತ್ತೇವೆ.

ಈ ಪ್ರಶ್ನೆ ವೀಣೆಯದು ಮಾತ್ರವಲ್ಲ. ಪಿಟೀಲಿನ ಬಳಗದಲ್ಲಿ ಆಳೆತ್ತರಕ್ಕಿಂತ ಮೇಲೆ ನಿಲ್ಲುವ ಡಬಲ್ ಬೇಸ್ ಎಂಬ ವಾದ್ಯವಿದೆ. ಅಮೆರಿಕದ ಗ್ಯಾರಿ ಕಾರ್ ಅದನ್ನು ಹಿಂದಿನ ಸಾಲಿನಿಂದ ಎತ್ತಿ ಏಕವ್ಯಕ್ತಿ ಕಛೇರಿಯ ವೇದಿಕೆಗೆ ತಂದ ಮಹಾನುಭಾವ. ಬೋಸ್ಟನ್ ಸಿಂಫನಿಯ ನಿರ್ದೇಶಕರಾಗಿದ್ದ ಸೆರ್ಗೆ ಕುಸೆವಿಟ್ಸ್ಕಿ ಸ್ವತಃ ಡಬಲ್ ಬೇಸ್ ವಾದಕರು. ಅವರು ತೀರಿಕೊಂಡ ಮೇಲೆ 1960ರ ದಶಕದ ಆರಂಭದಲ್ಲಿ ಅವರ ಪತ್ನಿ ಓಲ್ಗಾ ಗಂಡ ನುಡಿಸುತ್ತಿದ್ದ ವಾದ್ಯವನ್ನು ತರುಣ ಕಾರ್‌ಗೆ ಕೊಟ್ಟುಬಿಟ್ಟರು. ಇಟಲಿಯ ಅಮಾಟಿ ಸಹೋದರರು 1611ರಲ್ಲಿ ಮಾಡಿದ್ದು ಎಂದು ಅದರ ಖ್ಯಾತಿ. ಕಾರ್ ದಶಕಗಳ ಕಾಲ ಅದನ್ನೇ ನುಡಿಸಿದರು. ಕೇಳಿದವರು ಅಮಾಟಿಯ ನಾದ ಎಂದು ಕಣ್ಣುಮುಚ್ಚಿ ತಲೆದೂಗಿದರು. ಕೊನೆಗೆ ಮರದ ಬೆಳವಣಿಗೆಯ ಉಂಗುರಗಳನ್ನು ಪರೀಕ್ಷಿಸಿದಾಗ, 1611ರಲ್ಲಿ ಆ ಮರವನ್ನು ಇನ್ನೂ ಕಡಿದೇ ಇರಲಿಲ್ಲ ಎಂದು ತಿಳಿಯಿತು. ವಾದ್ಯ ಅಮಾಟಿಯದಲ್ಲ, ಬಹಳ ಈಚಿನದು, ಬಹುಶಃ ಫ್ರಾನ್ಸಿನದು. ಹಳೆಯ ಧ್ವನಿಮುದ್ರಿಕೆಗಳು ಈಗಲೂ ಇವೆ. ಅವುಗಳಲ್ಲಿ ಒಂದು ಸ್ವರವೂ ಕಳೆಗುಂದಿಲ್ಲ. ಹೆಸರು ಹೋಯಿತು, ನಾದ ಹಾಗೇ ಉಳಿಯಿತು.

ಇದು ಒಬ್ಬರ ಕಥೆ. ಪಿಟೀಲಿನ ವಿಷಯದಲ್ಲಿ ಕ್ರಮಬದ್ಧವಾದ ಪರೀಕ್ಷೆಗಳೇ ನಡೆದಿವೆ. ಫ್ರಾನ್ಸಿನ ಧ್ವನಿವಿಜ್ಞಾನಿ ಕ್ಲೌಡಿಯಾ ಫ್ರಿಟ್ಜ್ ಮತ್ತು ಅಮೆರಿಕದ ಪಿಟೀಲು ತಯಾರಕ ಜೋಸೆಫ್ ಕರ್ಟಿನ್ 2010ರಲ್ಲಿ ಇಂಡಿಯಾನಾಪೊಲಿಸ್ ನಗರದ ಹೋಟೆಲ್ ಕೋಣೆಯೊಂದರಲ್ಲಿ 21 ಮಂದಿ ವಾದಕರನ್ನು ಕರೆಸಿ ಆರು ಪಿಟೀಲುಗಳನ್ನು ಮುಂದಿಟ್ಟರು. ಮೂರು ಹೊಸವು. ಉಳಿದ ಮೂರು ಇಟಲಿಯ ಹಳೆಯ, ಹೆಸರಾಂತ ತಯಾರಕರವು: ಎರಡು ಸ್ಟ್ರಾಡಿವೇರಿಯಸ್, ಒಂದು ಗ್ವಾರ್ನೇರಿ. ಹಳೆಯ ಮೂರರ ಒಟ್ಟು ಬೆಲೆ ಸುಮಾರು ಒಂದು ಕೋಟಿ ಡಾಲರ್, ಹೊಸವುಗಳ ನೂರು ಪಟ್ಟು. ಕೋಣೆಯ ಬೆಳಕು ತಗ್ಗಿಸಿ, ವಾದಕರಿಗೆ ವೆಲ್ಡಿಂಗ್ ಕನ್ನಡಕ ಹಾಕಿಸಿ, ಹಳೆಯ ಮರದ ವಾಸನೆ ಗುಟ್ಟು ಬಿಟ್ಟುಕೊಡದಿರಲಿ ಎಂದು ಗದ್ದ ಊರುವ ಜಾಗಕ್ಕೆ ಸುಗಂಧವನ್ನೂ ಹಚ್ಚಿದ್ದರು. ಮನೆಗೆ ಒಯ್ಯುವುದಾದರೆ ಯಾವುದನ್ನು ಒಯ್ಯುತ್ತೀರಿ ಎಂದು ಕೇಳಿದಾಗ 13 ಮಂದಿ ಹೊಸ ಪಿಟೀಲನ್ನೇ ಎತ್ತಿಕೊಂಡರು. ಕೋಣೆಯಲ್ಲಿ ನುಡಿಸಿದರೆ ಏನು ಗೊತ್ತಾಗುತ್ತದೆ, ಸಭಾಂಗಣದಲ್ಲಿ ನುಡಿಸಬೇಕು ಎಂದು ಆಕ್ಷೇಪ ಬಂತು. 2012ರಲ್ಲಿ ಪ್ಯಾರಿಸ್ ಬಳಿ ಹತ್ತು ಮಂದಿ ಏಕವ್ಯಕ್ತಿ ವಾದಕರಿಗೆ ಆರು ಹಳೆಯ, ಆರು ಹೊಸ ಪಿಟೀಲುಗಳನ್ನು ಕೊಟ್ಟು ಸಭಾಂಗಣದಲ್ಲೂ ನುಡಿಸಿ ನೋಡಲು ಬಿಟ್ಟರು. ಆಗಲೂ ಹೆಚ್ಚಿನವರ ಒಲವು ಹೊಸದರ ಕಡೆಗೇ ಇತ್ತು. ಮುಂದೆ ಕೇಳುಗರನ್ನೇ ಕೂರಿಸಿದಾಗ, ದೂರಕ್ಕೆ ಚೆನ್ನಾಗಿ ಮುಟ್ಟುವುದು ಹೊಸವೇ ಎಂದರು.

ಅಲ್ಲಿದ್ದ ಹೊಸ ಪಿಟೀಲುಗಳು ಅಗ್ಗದ ಮಾಲಲ್ಲ ಎಂಬುದನ್ನು ಮರೆಯಬಾರದು. ಪಳಗಿದ ಕೈಗಳು ಮಾಡಿದ ಉತ್ತಮ ವಾದ್ಯಗಳು ಅವು. ಪರೀಕ್ಷೆಯಿಂದ ಗೊತ್ತಾಗಿದ್ದು ಇಷ್ಟೇ: ಒಳ್ಳೆಯದು ಎಂಬ ಮಟ್ಟ ಮುಟ್ಟಿದ ಮೇಲೆ ಬೆಲೆಯ ಸೊನ್ನೆಗಳಿಗೂ ಕಿವಿಗೂ ಸಂಬಂಧ ಕಡಿದುಹೋಗುತ್ತದೆ.

ಗಿಟಾರಿನದು ನಮಗೆ ಇನ್ನೂ ಹತ್ತಿರದ ಮಾತು. ಗಿಟಾರಿನ ಹಿಂಬದಿಗೂ ಬೆರಳು ಓಡುವ ಪಟ್ಟಿಗೂ ಜಗತ್ತಿನಾದ್ಯಂತ ಬಳಸುವ ಇಂಡಿಯನ್ ರೋಸ್‌ವುಡ್ ಎಂದರೆ ನಮ್ಮ ಬೀಟೆ. ಪಶ್ಚಿಮಘಟ್ಟದ ಮರ. ಹಿಂದಿನ ಕಾಲದ ಮೈಸೂರು ವೀಣೆಗಳಲ್ಲಿ ಕಾಣುವ ಕಪ್ಪು ಹೊಳಪೂ ಇದರದೇ. ಬ್ರೆಜಿಲಿನ ರೋಸ್‌ವುಡ್ ಇದಕ್ಕಿಂತ ಮೇಲು ಎಂಬ ನಂಬಿಕೆ ಗಿಟಾರು ಲೋಕದಲ್ಲಿ ಬೇರೂರಿದೆ. ಆ ನಂಬಿಕೆಗೆ ತಕ್ಕ ಬೆಲೆಯೂ ಇದೆ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನಕ್ಕಾಗಿ ಒಂದೇ ವಿನ್ಯಾಸದ ಆರು ಗಿಟಾರುಗಳನ್ನು ಮಾಡಿಸಿದರು. ಹಿಂಬದಿ ಮತ್ತು ಪಕ್ಕದ ಮರ ಮಾತ್ರ ಬೇರೆ ಬೇರೆ. ಬ್ರೆಜಿಲಿನದು, ನಮ್ಮದು, ಮಹಾಗನಿ, ಮೇಪಲ್, ಸಪೇಲಿ, ವಾಲ್‌ನಟ್. ಕಣ್ಣಿಗೆ ಮರ ಕಾಣದಂತೆ ಮಾಡಿ 52 ಮಂದಿ ವಾದಕರಿಂದ ನುಡಿಸಿದರು. ಆರಕ್ಕೂ ಹೆಚ್ಚುಕಡಿಮೆ ಒಂದೇ ಅಂಕ. ಅಪರೂಪದ ಮರಕ್ಕಾಗಿ ಕಾಡು ಬರಿದು ಮಾಡಿದ ಲೋಕಕ್ಕೆ ಇದಕ್ಕಿಂತ ನೋವಿನ ಫಲಿತಾಂಶ ಬೇಕೇ? 2017ರ ಜನವರಿಯಿಂದ ಬೀಟೆಯ ಕುಲದ ಎಲ್ಲ ಮರಗಳೂ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿದವು. ಸುಮಾರು ಮೂರು ವರ್ಷಗಳ ತರುವಾಯ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಮರದ ಮೇಲಿನ ಒತ್ತಡವಂತೂ ನಿಂತಿಲ್ಲ.

ಇದನ್ನೆಲ್ಲ ಓದಿ, ಹಾಗಾದರೆ ಸಿಕ್ಕಿದ್ದರಲ್ಲಿ ಅಗ್ಗದ್ದೇ ಸಾಕು ಎಂದು ಹೊರಟರೆ ದೊಡ್ಡ ಪೆಟ್ಟು ತಿನ್ನಬೇಕಾಗುತ್ತದೆ. ಕೆಟ್ಟ ವೀಣೆ ಕಲಿಯುವವರ ಕಿವಿಯನ್ನೇ ಕೆಡಿಸುತ್ತದೆ. ಗಾಂಧಾರ ಕೂದಲೆಳೆ ಏರಿರುವ ವೀಣೆಯಲ್ಲಿ ವರ್ಷಗಟ್ಟಲೆ ಮಾಯಾಮಾಳವಗೌಳ ನುಡಿಸಿದ ಮಗುವಿಗೆ ಆ ತಪ್ಪು ಗಾಂಧಾರವೇ ಸರಿ ಎನ್ನಿಸಿಬಿಡುತ್ತದೆ. ಆಮೇಲೆ ಹಾಡಲು ಕೂತರೆ ಶ್ರುತಿ ನಿಲ್ಲುವುದಿಲ್ಲ. ಸರಿಯಾಗಿ ಒಣಗದ ಮರದ ವೀಣೆಯದು ಇನ್ನೊಂದು ಕಾಟ: ಏಳು ತಂತಿಗಳ ಎಳೆತಕ್ಕೆ ದಂಡಿ ಮೆಲ್ಲಗೆ ಬಾಗುತ್ತದೆ, ತಾರಸ್ಥಾಯಿಯಲ್ಲಿ ತಂತಿ ಮೆಟ್ಟಿಲಿನಿಂದ ಎತ್ತರಕ್ಕೆ ಹೋಗುತ್ತದೆ, ಒತ್ತಿ ಒತ್ತಿ ಬೆರಳು ಕೊರೆದುಹೋಗುತ್ತದೆ. ನನ್ನ ಕೈಯೇ ಸರಿಯಿಲ್ಲ ಎಂದು ನೊಂದು ವೀಣೆ ಬಿಟ್ಟವರನ್ನು ನಾನು ಕಂಡಿದ್ದೇನೆ. ಅವರ ಕೈ ಚೆನ್ನಾಗಿಯೇ ಇತ್ತು.

ಹಾಗಾದರೆ ಸರಿಯಾದ ವೀಣೆ ಎಂದರೇನು? ಉತ್ತರದ ಬಹುಪಾಲು ಇರುವುದು ಮೇಣದಲ್ಲಿ. ಗಿಟಾರಿನ ಹಾಗೆ ವೀಣೆಯ ಮೆಟ್ಟಿಲುಗಳನ್ನು ಮರಕ್ಕೆ ಬಡಿದಿರುವುದಿಲ್ಲ. ದಂಡಿಯ ಎರಡೂ ಅಂಚಿನಲ್ಲಿ ಜೇನುಮೇಣ, ರಾಳ, ಇದ್ದಿಲ ಪುಡಿ ಬೆರೆಸಿದ ಕಪ್ಪು ಏರಿ ಕಟ್ಟಿ, ಅದರ ಮೇಲೆ 24 ಹಿತ್ತಾಳೆ ಮೆಟ್ಟಿಲುಗಳನ್ನು ಕೂರಿಸುತ್ತಾರೆ. ಇದಕ್ಕೆ ಮೇಳ ಕಟ್ಟುವುದು ಎನ್ನುತ್ತಾರೆ. ಕೆಲಸ ಬಲ್ಲವನು ಮೇಳ ಕಟ್ಟುವುದನ್ನು ಪಕ್ಕದಲ್ಲಿ ಕೂತು ನೋಡಬೇಕು. ಮೇಣವನ್ನು ಬಿಸಿಯಲ್ಲಿ ಮೆದುಮಾಡಿ ಮೆಟ್ಟಿಲನ್ನು ಇಟ್ಟು, ಬಿಡಿತಂತಿಯನ್ನೊಮ್ಮೆ ಮೀಟಿ, ಮೆಟ್ಟಿಲ ಮೇಲೊಮ್ಮೆ ಮೀಟಿ, ಹೆಬ್ಬೆರಳಿನ ಉಗುರಿನಿಂದ ಒಂದಿಷ್ಟೇ ಇಷ್ಟು ತಳ್ಳುತ್ತಾನೆ. ಮತ್ತೆ ಮೀಟುತ್ತಾನೆ. ಒಂದು ಕಡೆ ತಗ್ಗಿಸುತ್ತಾನೆ, ಇನ್ನೊಂದು ಕಡೆ ಮೇಣ ತುಂಬುತ್ತಾನೆ. ಮೇಣ ಆರಿದ ಮೇಲೆ ಸ್ವರ ಎಳ್ಳಷ್ಟು ಸರಿದಿದ್ದರೆ ಮೊದಲಿನಿಂದ ಶುರು. ಅಷ್ಟು ಹೊತ್ತೂ ಅವನು ಮಾತನಾಡುವುದಿಲ್ಲ. ಪಕ್ಕದಲ್ಲಿ ಕೂತವರೂ ಮಾತನಾಡಬಾರದು.

ಇಷ್ಟು ಸೂಕ್ಷ್ಮ ಯಾಕೆ? ಲೆಕ್ಕ ಹಾಕಿ ನೋಡಬಹುದು. ದಂಡಿಯ ತುದಿಯ ಮೇರುವಿನಿಂದ ಬುರುಡೆಯ ಮೇಲಿನ ಕುದುರೆಯವರೆಗೆ ತಂತಿಯ ಉದ್ದ 85 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಮೊದಲ ಮೆಟ್ಟಿಲು ಮೇರುವಿನಿಂದ ಸುಮಾರು 4.8 ಸೆಂಟಿಮೀಟರ್ ದೂರ ಬರುತ್ತದೆ. ಮೇಲೆ ಹೋದಂತೆ ಅಂತರ ಕಿರಿದಾಗುತ್ತಾ ಕೊನೆಯ ಎರಡು ಮೆಟ್ಟಿಲುಗಳ ನಡುವೆ ಬರೀ ಒಂದೂಕಾಲು ಸೆಂಟಿಮೀಟರ್ ಉಳಿಯುತ್ತದೆ. ಮೊದಲ ಮೆಟ್ಟಿಲು ಒಂದು ಮಿಲಿಮೀಟರ್ ತಪ್ಪಿದರೆ, ಎರಡು ಸ್ವರಸ್ಥಾನಗಳ ನಡುವಿನ ಅಂತರವನ್ನು ನೂರು ಭಾಗ ಮಾಡಿದಾಗ ಎರಡು ಭಾಗದಷ್ಟು ಮಾತ್ರ ಶ್ರುತಿ ಸರಿಯುತ್ತದೆ. ಅದು ಯಾರ ಕಿವಿಗೂ ತಾಗದು. ಕೊನೆಯ ಮೆಟ್ಟಿಲಿನಲ್ಲಿ ಅದೇ ಒಂದು ಮಿಲಿಮೀಟರ್ ತಪ್ಪಿದರೆ ಎಂಟು ಭಾಗ. ಅಭ್ಯಾಸವಾದ ಕಿವಿ ಕೂಡಲೇ ಮುಖ ಸಿಂಡರಿಸುತ್ತದೆ. ಜೊತೆಗೆ, ತಂತಿಯನ್ನು ಒತ್ತಿದಾಗ ಅದರ ಬಿಗಿ ಹೆಚ್ಚಿ ಸ್ವರ ತುಸು ಏರುತ್ತದೆ. ತಂತಿ ಎಷ್ಟು ಎತ್ತರದಲ್ಲಿದೆ, ಎಷ್ಟು ದಪ್ಪಗಿದೆ ಎಂಬುದರ ಮೇಲೆ ಆ ಏರಿಕೆಯೂ ಬದಲಾಗುತ್ತದೆ. ಆದ್ದರಿಂದ ಅಳತೆಪಟ್ಟಿ ಹಿಡಿದು ಮೇಳ ಕಟ್ಟಲಾಗದು, ಕಿವಿಯೇ ಬೇಕು. ಪೀಣ್ಯದ ಲೇತಿನ ಮುಂದೆ ಮೈಕ್ರೋಮೀಟರ್ ಹಿಡಿದು ನಿಲ್ಲುವ ಕಾರ್ಮಿಕನಿಗೆ ಈ ಮಾತು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಿಲಿಮೀಟರ್ ಎಂಬುದು ಎಷ್ಟು ದೊಡ್ಡ ತಪ್ಪು ಎಂದು ಅವನು ಬಲ್ಲ.

ಇನ್ನು ಮೈಸೂರು ಬಾನಿಯಲ್ಲಿ ಈ ಮೇಳದ ಮೇಲೆ ಬೀಳುವ ಭಾರ ಹೆಚ್ಚು. ತಂಜಾವೂರಿನ ಕಡೆಯವರು ತಂತಿಯನ್ನು ಅಡ್ಡಕ್ಕೆ ಎಳೆದು ಗಮಕ ತೆಗೆಯುವುದು ಜಾಸ್ತಿ. ಮೆಟ್ಟಿಲು ತುಸು ತಗ್ಗಾಗಿದ್ದರೂ ಎಳೆತದಲ್ಲಿ ಸರಿದೂಗಿಸಿಕೊಳ್ಳಬಹುದು. ವೀಣೆ ಶೇಷಣ್ಣನವರಿಂದ ವೆಂಕಟಗಿರಿಯಪ್ಪನವರಿಗೆ, ಅಲ್ಲಿಂದ ದೊರೆಸ್ವಾಮಿ ಅಯ್ಯಂಗಾರ್ಯರಿಗೆ ಇಳಿದುಬಂದ ನಮ್ಮ ಬಾನಿ ಮೆಟ್ಟಿಲನ್ನು ನಂಬಿದ್ದು. ಬೆರಳು ಮೆಟ್ಟಿಲಿನಿಂದ ಮೆಟ್ಟಿಲಿಗೆ ಜಾರುತ್ತದೆ, ಮೀಟು ಒಂದೊಂದೂ ಬಿಡಿಬಿಡಿಯಾಗಿ ಮಣಿ ಪೋಣಿಸಿದಂತೆ ಬೀಳುತ್ತದೆ. ಅಲ್ಲಿ ಮೆಟ್ಟಿಲು ಹೇಳಿದ್ದೇ ಸ್ವರ. ಮೇಳ ಕೆಟ್ಟರೆ ಮರೆಮಾಚಲು ಎಡೆಯೇ ಇಲ್ಲ.

ಎರಡನೆಯದು ಕುದುರೆ. ಬುರುಡೆಯ ಹಲಗೆಯ ಮೇಲೆ ನಿಂತ ಈ ಪುಟ್ಟ ಮರದ ತುಂಡಿನ ನೆತ್ತಿಗೆ ಲೋಹದ ತಗಡೊಂದು ಕೂತಿರುತ್ತದೆ. ಅದು ಚಪ್ಪಟೆಯಲ್ಲ, ಕಣ್ಣಿಗೆ ಹತ್ತದಷ್ಟು ಬಾಗಿರುತ್ತದೆ. ತಂತಿ ಕಂಪಿಸುವಾಗ ಆ ಬಾಗನ್ನು ಸವರುತ್ತಾ ಏಳುತ್ತದೆ, ಇಳಿಯುತ್ತದೆ. ಸರ್ ಸಿ. ವಿ. ರಾಮನ್ ಬೆಂಗಳೂರಿಗೆ ಬರುವ ಎಷ್ಟೋ ಮೊದಲು, ಕಲ್ಕತ್ತೆಯಲ್ಲಿದ್ದಾಗ, ತಂಬೂರಿ ಮತ್ತು ವೀಣೆಗಳ ಕುದುರೆಯ ಮೇಲೆ ಒಂದು ಲೇಖನ ಬರೆದರು. ಅದು 1921ರದು. ತಂತಿಯ ನಟ್ಟನಡುವೆ ಮೀಟಿದರೆ ನಡುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಕೇಳಬಾರದು ಎಂಬುದು ಯೂರೋಪಿನ ವಿಜ್ಞಾನಿಗಳು ಕಂಡುಕೊಂಡಿದ್ದ ನಿಯಮ. ನಮ್ಮ ವಾದ್ಯಗಳಲ್ಲಿ ಆ ಉಪಸ್ವರಗಳು ಗಟ್ಟಿಯಾಗಿಯೇ ಕೇಳಿಸುತ್ತವೆ, ಅದಕ್ಕೆ ಕಾರಣ ಅಗಲವಾದ ಬಾಗು ಕುದುರೆ ಎಂದು ರಾಮನ್ ತೋರಿಸಿದರು. ವೀಣೆಯ ಆ ತುಂಬುನಾದ, ಮೀಟಿದ ಮೇಲೂ ಹೊತ್ತು ಕಳೆದು ಅರಳುವ ಗುಣ ಹುಟ್ಟುವುದು ಅಂಗೈಗಿಂತ ಚಿಕ್ಕ ಲೋಹದ ತಗಡಿನ ಮೇಲೆ. ವರ್ಷಗಳು ಕಳೆದಂತೆ ತಂತಿ ಉಜ್ಜಿ ಉಜ್ಜಿ ಅಲ್ಲಿ ಗೀರು ಬೀಳುತ್ತದೆ. ನಾದ ಮಂಕಾಗುತ್ತದೆ, ಇಲ್ಲವೇ ಜೀರು ಹಿಡಿಯುತ್ತದೆ. ವೀಣೆ ಹಳತಾಯಿತು, ಹೊಸದು ಕೊಳ್ಳೋಣ ಎಂದು ಹೊರಡುವ ಎಷ್ಟೋ ಮನೆಗಳಲ್ಲಿ ಬೇಕಿರುವುದು ಈ ತಗಡನ್ನು ಅರದಿಂದ ತಿದ್ದುವ ಅರ್ಧ ದಿನದ ಕೆಲಸ, ಒಂದು ಸೆಟ್ ಹೊಸ ತಂತಿ.

ಇಷ್ಟು ಹೇಳಿದ ಮೇಲೆ ಮರದ ಮಾತು. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ವೀಣೆಯಿಂದಲೇ ಹೆಸರಾದ ಹಳ್ಳಿ. ಬೆಂಗಳೂರಿನ ಉತ್ತರದ ಅಂಚು ದಾಟಿ, ಕಾರ್ಖಾನೆಗಳ ಶೆಡ್ಡುಗಳು ಹಿಂದೆ ಸರಿದ ಮೇಲೆ ಸಿಗುತ್ತದೆ. ಅಲ್ಲಿನ ಮನೆಗಳ ಮುಂದೆ ಹಲಸಿನ ದಿಮ್ಮಿ, ಅರೆಕೊರೆದ ಬುರುಡೆ, ಬಿಸಿಲು ಕಾಯುವ ದಂಡಿಗಳು. ಹಲಸು ಯಾಕೆಂದರೆ ಹಗುರ, ಗಟ್ಟಿ, ಹುಳು ಹತ್ತುವುದು ಕಡಿಮೆ, ಒಣಗಿದ ಮೇಲೆ ಬಡಿದರೆ ಮರವೇ ದನಿಗೊಡುತ್ತದೆ. ಇಲ್ಲಿ ಮಾಡಿದ ವೀಣೆಯೇ ನಗರದ ಅಂಗಡಿಗೆ ಹೋಗಿ, ಮೆರುಗು ಹಚ್ಚಿಕೊಂಡು, ಬೆಲೆ ಏರಿಸಿಕೊಂಡು ವೈಟ್‌ಫೀಲ್ಡಿಗೆ ಬರುವುದೂ ಉಂಟು.

ಬೆಲೆಯಲ್ಲಿ ನ್ಯಾಯವಾದ ಪಾಲೂ ಇದೆ, ಅದನ್ನು ಹೇಳದಿದ್ದರೆ ಕುಶಲಕರ್ಮಿಗಳಿಗೆ ಅನ್ಯಾಯವಾಗುತ್ತದೆ. ಹಸಿ ಮರವನ್ನು ವರ್ಷಗಟ್ಟಲೆ ನೆರಳಲ್ಲಿ ಒಣಗಿಸಿಟ್ಟರೆ ಅಷ್ಟು ಕಾಲವೂ ಹಣ ಮರದಲ್ಲಿ ಸಿಕ್ಕಿಬಿದ್ದಿರುತ್ತದೆ. ಏಕಾಂಡ ವೀಣೆಗೆ ಬುರುಡೆ, ದಂಡಿ, ಯಾಳಿಮುಖ ಎಲ್ಲವೂ ಒಂದೇ ದಿಮ್ಮಿಯಿಂದ ಬರಬೇಕು. ಅಷ್ಟು ದೊಡ್ಡ, ಬಿರುಕಿಲ್ಲದ ಹಲಸು ಸಿಗುವುದೇ ಕಷ್ಟ. ಕೊರೆಯುವಾಗ ಹಾಳಾಗುವ ಮರವೂ ಜಾಸ್ತಿ. ಬೆಸುಗೆ ಇಲ್ಲದ್ದರಿಂದ ಜಗ್ಗುವ ಭಯ ಕಡಿಮೆ, ಇದು ನಿಜವಾದ ಲಾಭ. ಆದರೆ ಚೆನ್ನಾಗಿ ಒಣಗಿದ ಮರದ, ಚೆನ್ನಾಗಿ ಕೂಡಿಸಿದ ವೀಣೆಯೂ ದಶಕಗಳ ಕಾಲ ಅಲುಗದೆ ನಿಂತಿರುವುದುಂಟು. ಇನ್ನು ದಂಡಿಯ ಅಂಚಿನ ಬಿಳಿ ಕುಸುರಿ, ಬಂಗಾರದ ಬಣ್ಣದ ದೇವರ ಚಿತ್ರ, ಯಾಳಿಯ ಕಣ್ಣಿಗೆ ಕೂರಿಸಿದ ಕಲ್ಲು. ಇವೂ ಕಲೆಯೇ, ದುಡಿಮೆಯೇ. ಮನೆಗೆ ಚೆಲುವು ಬೇಕು ಎಂದು ಅವಕ್ಕೆ ಹಣ ಕೊಡುವುದರಲ್ಲಿ ತಪ್ಪೇನಿಲ್ಲ. ಅವುಗಳಿಂದ ಷಡ್ಜ ಚೆನ್ನಾಗುತ್ತದೆ ಎಂದು ನಂಬಿ ಕೊಡಬಾರದು.

ಗಟ್ಟಿಯಾಗಿ ಕೇಳಿಸುವುದು ಒಳ್ಳೆಯ ವಾದ್ಯದ ಗುರುತು ಎಂಬ ನಂಬಿಕೆಯೂ ಇದೆ. ಅದಕ್ಕೆ ಇತಿಹಾಸವಿದೆ. ಮೈಕು ಇಲ್ಲದ ಕಾಲದಲ್ಲಿ ಪಿಟೀಲು ಹಿಂದಿನ ಸಾಲಿಗೆ ಮುಟ್ಟುವುದಿಲ್ಲ ಎಂದು ಮೈಸೂರಿನ ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲು ರೂಪಿಸಿಕೊಂಡರು. ಗುರು ಬಿಡಾರಂ ಕೃಷ್ಣಪ್ಪನವರಿಗೆ ಮೊದಮೊದಲು ಇದು ಹಿಡಿಸಿರಲಿಲ್ಲ; ನಾದ ಕೇಳಿದ ಮೇಲೆ ಒಪ್ಪಿದರು. 1980ರಲ್ಲಿ ಬೆಂಗಳೂರಿನಲ್ಲಿ ತೆರೆದ ಚೌಡಯ್ಯ ಸ್ಮಾರಕ ಭವನದ ಆಕಾರವೇ ಆ ಏಳು ತಂತಿಯ ಪಿಟೀಲು. ಚೌಡಯ್ಯನವರು ವಾದ್ಯ ಬದಲಿಸಿದ್ದು ತಮ್ಮ ಮುಂದಿದ್ದ ಒಂದು ನಿರ್ದಿಷ್ಟ ಅಡಚಣೆಗೆ: ಸಾವಿರಾರು ಜನ, ಮೈಕಿಲ್ಲ. ವರ್ತೂರಿನ ಹತ್ತನೆಯ ಮಹಡಿಯ ಹಾಲಿನಲ್ಲಿ ಕೂತು ನುಡಿಸುವವರಿಗೆ ಆ ಅಡಚಣೆ ಇಲ್ಲ. ಅವರಿಗೆ ಬೇಕಿರುವುದು ಮೆಲ್ಲಗೆ ಮೀಟಿದರೂ ಸ್ಪಷ್ಟವಾಗಿ ನುಡಿಯುವ ವೀಣೆ. ಸಭೆಯಲ್ಲಿ ಮೈಕು ಬಂದ ಮೇಲಂತೂ ಕೇಳುಗರಿಗೆ ತಲುಪುವ ನಾದದಲ್ಲಿ ಮೈಕಿನದ್ದು, ಅದನ್ನು ಹೊಂದಿಸುವವನದ್ದು ದೊಡ್ಡ ಪಾಲು.

ಐಟಿ ಬಡಾವಣೆಗಳ ಬದುಕಿಗೇ ಸೇರಿದ ಕೆಲವು ಕಷ್ಟಗಳಿವೆ. ಎಷ್ಟು ದುಬಾರಿ ವೀಣೆಯಾದರೂ ಅವಕ್ಕೆ ವಿನಾಯಿತಿ ಇಲ್ಲ. ಪಾಠಕ್ಕೆ ಹೋಗುವಾಗ ವೀಣೆಯನ್ನು ಕಾರಿನಲ್ಲಿಟ್ಟು, ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಆಮೇಲೆ ಅದೇ ಕಾರನ್ನು ಕಚೇರಿಯ ಬಯಲು ಪಾರ್ಕಿಂಗಿನಲ್ಲಿ ಮಧ್ಯಾಹ್ನವಿಡೀ ಬಿಟ್ಟರೆ ಏನಾಗುತ್ತದೆ? ಮುಚ್ಚಿದ ಕಾರಿನ ಕಾವಿಗೆ ಮೇಣ ಮೆದುವಾಗುತ್ತದೆ. ತಂತಿ ಒತ್ತಿದ ಕಡೆಗೆ ಮೆಟ್ಟಿಲು ಕುಸಿಯುತ್ತದೆ. ಸಂಜೆ ನುಡಿಸಿದರೆ ಶ್ರುತಿ ಎಲ್ಲೋ ಹೋಗಿರುತ್ತದೆ. ಮಾರ್ಚ್, ಏಪ್ರಿಲ್‌ನ ಒಣಹವೆಯಲ್ಲಿ ಹಗಲಿರುಳು ಎಸಿ ಓಡುವ ಕೋಣೆಯಲ್ಲಿಟ್ಟರೆ ಮರ ಕುಗ್ಗುತ್ತದೆ, ಬಿರಡೆ ಸಡಿಲವಾಗುತ್ತದೆ. ಮಳೆಗಾಲಕ್ಕೆ ಮರ ಉಬ್ಬಿ ಅದೇ ಬಿರಡೆ ತಿರುಗದಂತೆ ಹಿಡಿಯುತ್ತದೆ. ಅಮೆರಿಕದ ಚಳಿನಾಡುಗಳಿಗೆ ವೀಣೆ ಒಯ್ದ ಕನ್ನಡ ಕುಟುಂಬಗಳಿಗೆ ಇದು ಇನ್ನೂ ಕಠಿಣ. ಹೀಟರಿನ ಒಣಗಾಳಿಗೆ ಹಲಗೆಯೇ ಸೀಳಬಹುದು.

ಈ ತೊಡಕಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲೇ ಒಂದು ಉತ್ತರ ಹುಟ್ಟಿದೆ. ಎಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ ಅವರ ರಾಡೆಲ್ ಸಂಸ್ಥೆ ಎಲೆಕ್ಟ್ರಾನಿಕ್ ತಂಬೂರಿಯನ್ನು ಮನೆಮಾತಾಗಿಸಿತು. ಮುಂದೆ ಡಿಜಿಟಲ್ ವೀಣೆಯನ್ನೂ ತಂದಿತು. ಮೇಣವಿಲ್ಲ, ಮೇಳ ಕೆಡುವ ಮಾತಿಲ್ಲ, ರಾತ್ರಿ ಹನ್ನೊಂದಕ್ಕೆ ಕಿವಿಗೆ ಹೆಡ್‌ಫೋನ್ ಹಾಕಿ ಸಾಧನೆ ಮಾಡಬಹುದು. ಮರದ ಬುರುಡೆಯ ಕಂಪನ ತೊಡೆಗೂ ಎದೆಗೂ ತಾಗುವ ಅನುಭವ ಅದರಲ್ಲಿಲ್ಲ, ಹಾಗಾಗಿ ನನ್ನ ಮನಸ್ಸು ಹಲಸಿನ ಕಡೆಗೇ. ಆದರೂ ಕೆಟ್ಟ ಮೇಳದ ಮರದ ವೀಣೆಗಿಂತ ಶ್ರುತಿ ತಪ್ಪದ ಡಿಜಿಟಲ್ ವೀಣೆ ಕಲಿಯುವ ಕಿವಿಗೆ ಎಷ್ಟೋ ಲೇಸು.

ದುಬಾರಿ ವೀಣೆ ಕೈಯನ್ನು ಬದಲಿಸುವುದೇ ಇಲ್ಲವೇ? ಬದಲಿಸುತ್ತದೆ, ಕೈ ಅಷ್ಟು ದೂರ ಬಂದಿದ್ದರೆ. ಉತ್ತಮ ವಾದ್ಯ ವಾದಕನಿಗೆ ಉತ್ತರ ಕೊಡುತ್ತದೆ. ಮೀಟನ್ನು ಕುದುರೆಯ ಕಡೆಗೆ ಎರಡು ಬೆರಳು ಸರಿಸಿದರೆ ನಾದ ಚುರುಕಾಗುತ್ತದೆ, ದೂರ ಸರಿಸಿದರೆ ದುಂಡಗಾಗುತ್ತದೆ. ಉಗುರು ತಾಗಿದ್ದು, ಬೆರಳ ತುದಿ ತಾಗಿದ್ದು ಬೇರೆಬೇರೆಯಾಗಿ ಕೇಳುತ್ತದೆ. ಇಂಥ ವೀಣೆ ಸಿಕ್ಕಿದ ವಾದಕ ತನ್ನ ಕೈಯಲ್ಲೇ ಹೊಸ ಬಣ್ಣಗಳನ್ನು ಕಾಣುತ್ತಾನೆ, ಹುಡುಕುತ್ತಾನೆ, ಬೆಳೆಯುತ್ತಾನೆ. ಆದರೆ ಎರಡು ಮೀಟುಗಳ ನಡುವೆ ಭೇದವನ್ನೇ ಇನ್ನೂ ತರಲಾರದ ಬೆರಳಿಗೆ ಆ ಉತ್ತರ ಕೇಳಿಸುವುದಿಲ್ಲ. ದೊರೆಸ್ವಾಮಿ ಅಯ್ಯಂಗಾರ್ಯರ ಆಕಾಶವಾಣಿ ಧ್ವನಿಮುದ್ರಣಗಳನ್ನು ಕೇಳಿ. ಮುದ್ರಣದ ಗುಣಮಟ್ಟ ಹಳೆಯ ಕಾಲದ್ದು, ವೀಣೆಯ ಅರ್ಧ ನಾದ ಅದರಲ್ಲೇ ಸೋರಿಹೋಗಿದೆ. ಉಳಿದ ಅರ್ಧದಲ್ಲೂ ಮೊದಲ ಮೀಟಿಗೇ ಇದು ಯಾರ ಕೈ ಎಂದು ತಿಳಿಯುತ್ತದೆ.

ಹೊಸ ವೀಣೆ ಬಂದ ಮೊದಲ ತಿಂಗಳು ಎಲ್ಲರೂ ಹೆಚ್ಚು ನುಡಿಸುತ್ತಾರೆ, ಹೆಚ್ಚು ನುಡಿಸಿದ್ದರಿಂದ ಚೆನ್ನಾಗಿ ನುಡಿಸುತ್ತಾರೆ, ಅದರ ಕೀರ್ತಿಯನ್ನು ವೀಣೆಗೆ ಕೊಡುತ್ತಾರೆ. ಇದರಿಂದ ಕೆಡುಕೇನಿಲ್ಲ, ಉತ್ಸಾಹಕ್ಕೂ ಬೆಲೆಯಿದೆ. ಇದಕ್ಕೆ ವಿರುದ್ಧವಾದದ್ದನ್ನು ಕಂಡಾಗ ಮಾತ್ರ ಬೇಸರವಾಗುತ್ತದೆ: ಎಷ್ಟೊಂದು ಹಣ ಕೊಟ್ಟಿದ್ದೇವಲ್ಲ ಎಂದು ವೀಣೆಗೆ ರೇಷ್ಮೆಯ ಹೊದಿಕೆ ಹಾಕಿ, ಮಕ್ಕಳು ಮುಟ್ಟದಂತೆ ಎತ್ತರದಲ್ಲಿಟ್ಟು, ಹಬ್ಬಕ್ಕೆ ಮಾತ್ರ ಇಳಿಸುವ ಮನೆಗಳು. ತಿಂಗಳುಗಟ್ಟಲೆ ಮೀಟದ ವೀಣೆಯ ತಂತಿ ತುಕ್ಕು ಹಿಡಿಯುತ್ತದೆ, ಮೇಣ ಗಡುಸಾಗಿ ಬಿರಿಯುತ್ತದೆ.

ಕೊಳ್ಳಲೇಬೇಕೆಂದು ತೀರ್ಮಾನಿಸಿದವರಿಗೆ ನಾನು ಹೇಳುವುದು ಹೀಗೆ. ಮೊದಲು ಈಗಿರುವ ವೀಣೆಗೆ ಹೊಸದಾಗಿ ಮೇಳ ಕಟ್ಟಿಸಿ, ಕುದುರೆ ತಿದ್ದಿಸಿ, ತಂತಿ ಬದಲಿಸಿ, ಒಂದು ಋತು ನುಡಿಸಿ ನೋಡಿ. ಆಗಲೂ ಕೊರತೆ ಉಳಿದರೆ ಅದು ವಾದ್ಯದ್ದು ಎಂದು ಒಪ್ಪಬಹುದು. ಅಂಗಡಿಗೋ ಹಳ್ಳಿಗೋ ಹೋದಾಗ ಗುರುಗಳನ್ನೋ ಹಿರಿಯ ವಿದ್ಯಾರ್ಥಿಯನ್ನೋ ಕರೆದೊಯ್ದು, ನಿಮಗೆ ಬೆನ್ನು ಮಾಡಿ ಕೂರಿಸಿ, ಮೂರು ನಾಲ್ಕು ವೀಣೆಗಳನ್ನು ಬೆಲೆ ಹೇಳದೆ ನುಡಿಸಲು ಹೇಳಿ. ಕೆತ್ತನೆ ಕಾಣಿಸದಿದ್ದಾಗ ಕಿವಿ ಪ್ರಾಮಾಣಿಕವಾಗುತ್ತದೆ. ಎಲ್ಲ ವೀಣೆಗಳ ಮೇಲೂ ಒಂದೇ ಬಗೆಯ ತಂತಿ ಇರಲಿ, ಒಂದೇ ಶ್ರುತಿ ಇರಲಿ. ಇಲ್ಲದಿದ್ದರೆ ಹೋಲಿಕೆಯೇ ಸುಳ್ಳಾಗುತ್ತದೆ. ಮಂದ್ರದಿಂದ ತಾರದವರೆಗೆ ಒಂದೊಂದೇ ಮೆಟ್ಟಿಲಲ್ಲಿ ನಿಂತು, ಮೀಟಿದ ಸ್ವರ ಎಷ್ಟು ಹೊತ್ತು ಉಳಿಯುತ್ತದೆ ಎಂದು ಕೇಳಿ. ಕೆಲವು ವೀಣೆಗಳಲ್ಲಿ ಒಂದು ಸ್ವರ ಮಾತ್ರ ಮುಗ್ಗರಿಸಿ ಬೀಳುತ್ತದೆ. ಅಂಥದ್ದನ್ನು ಎಷ್ಟೇ ಚೆಲುವಾಗಿದ್ದರೂ ಬಿಟ್ಟುಬಿಡಿ. ದಂಡಿಯನ್ನು ಕಣ್ಣಿಗೆ ನೇರ ಹಿಡಿದು ಬಾಗಿದೆಯೇ ಎಂದು ನೋಡಿ. ಮರ ಯಾವಾಗ ಕಡಿದದ್ದು ಎಂದು ಕೇಳಿ. ಒಳ್ಳೆಯ ಕುಶಲಕರ್ಮಿಗೆ ಆ ಪ್ರಶ್ನೆ ಇಷ್ಟವಾಗುತ್ತದೆ.

ಕೊನೆಗೆ ಒಂದು ಕೋರಿಕೆ ಇದೆ, ಇದನ್ನು ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಅಪಾರ್ಟ್‌ಮೆಂಟ್ ಸಂಘಗಳ ಮುಂದಿಡುತ್ತಿದ್ದೇನೆ. ಮೇಳ ಕಟ್ಟಬಲ್ಲವರು ವಿರಳ. ಒಂದೇ ವೀಣೆಗಾಗಿ ಊರಿನ ಆ ತುದಿಯಿಂದ ಈ ತುದಿಗೆ ಬಂದರೆ ಅವರ ಒಂದಿಡೀ ದಿನ ರಸ್ತೆಯಲ್ಲೇ ಕಳೆಯುತ್ತದೆ. ಆ ದಿನದ ಕೂಲಿ ಕೊಡಲು ನಾವು ಹಿಂದೆಮುಂದೆ ನೋಡುತ್ತೇವೆ. ಆದ್ದರಿಂದ ಮಕ್ಕಳು ಇಂಥ ವಿದ್ಯೆಗೆ ಬರುವುದು ಬೇಡ ಎಂದು ಆ ಮನೆಗಳವರು ಅಂದುಕೊಂಡರೆ ತಪ್ಪೆನ್ನಲಾಗದು. ಸಂಕ್ರಾಂತಿ ಕಳೆದ ಮೇಲೊಮ್ಮೆ, ದಸರೆಗೆ ಮುಂಚೆ ಇನ್ನೊಮ್ಮೆ, ಎರಡು ಮೂರು ಬಡಾವಣೆಗಳ ವೀಣೆಗಳನ್ನೆಲ್ಲ ಕ್ಲಬ್ ಹೌಸಿನಲ್ಲಿ ಸೇರಿಸಿ, ಸಿಂಪಾಡಿಪುರದಿಂದಲೋ ಮೈಸೂರಿನಿಂದಲೋ ಇಬ್ಬರು ಕುಶಲಕರ್ಮಿಗಳನ್ನು ಎರಡು ಮೂರು ದಿನ ಉಳಿಸಿಕೊಂಡು, ಊಟ, ವಸತಿ, ತಕ್ಕ ಸಂಭಾವನೆ ಕೊಟ್ಟು ಮೇಳ ಕಟ್ಟಿಸಬಹುದು. ಕಲಿಯುವ ಮಕ್ಕಳು ಪಕ್ಕದಲ್ಲಿ ಕೂತು ನೋಡಲಿ. ಒಂದು ಏಕಾಂಡ ವೀಣೆಗೆ ಹಾಕುವ ಹಣದಲ್ಲಿ ಇಡೀ ಬಡಾವಣೆಯ ವೀಣೆಗಳು ವರ್ಷಗಳ ಕಾಲ ಶ್ರುತಿಯಲ್ಲಿರುತ್ತವೆ. ಯಾರಾದರೂ ಮೊದಲು ಮಾಡಿ ತೋರಿಸಿದರೆ ಉಳಿದವರು ಹಿಂಬಾಲಿಸುತ್ತಾರೆ ಎಂದು ನನಗೆ ನಂಬಿಕೆಯಿದೆ. ಈ ದಸರೆಗೇ ಶುರುವಾದರೆ ಇನ್ನೂ ಒಳ್ಳೆಯದು.